ಕರೆಂಟು ಬರೋಗಂಟ

"ಎಂಟ್ನೇ ಕ್ಲಾಸ್ಗೇ ಚೀಲ ಬಿಸಾಕಿ ಬಂದೋನು ನೀನು, ಸಾಫ್ಟ್‌ವೇರ್‌ಗೆ ತಪ್ಪು ಹೇಳ್ತೀಯೇನ್ಲಾ? ನಿನ್ ಕೆಲ್ಸ ವೈರು ಕಚ್ಚೋದು. ಕಚ್ಚು!"

ಹೊಸ ಆ್ಯಪ್ ನೋಡಲು ಗುರುಸಿದ್ದಮ್ಮನ ತೋಟದಲ್ಲಿ ಸೇರಿದ್ದ ಹದಿನೈದು ರೈತರೂ ನಕ್ಕರು. ಬಾಲರಾಜುವಿನ ಕಿವಿ ಕಾದುಹೋಯಿತು.

ಬೈದವನು ಮಲ್ಲೇಶ್. ಕೊಳವೆಬಾವಿಯ ಮೋಟರನ್ನು ಫೋನಿನಿಂದಲೇ ಹಾಕಿ ಆರಿಸುವ ಡಬ್ಬ, ಅದರ ಆ್ಯಪ್ ಎರಡೂ ಅವನ ಕಿಬ್ಬನಹಳ್ಳಿ ಅಂಗಡಿಯವು. ಮುನ್ನೂರು ತೋಟಗಳಲ್ಲಿ ಆ ಡಬ್ಬ ಕೂರಿಸಿದವನು ಬಾಲರಾಜು. ಆ್ಯಪ್ ಬರೆಯುವ ಸಿದ್ದಾರ್ಥ್ ವಾರಕ್ಕೊಂದು ಹೊಸದು ಬಿಡುತ್ತಿದ್ದ. ಇವತ್ತಿನದು ಗುರುಸಿದ್ದಮ್ಮನ ಫೋನಿಗೆ ಆಗಲೇ ಬಂದಿತ್ತು, ಐದು ಗಂಟೆಗೆ ಎಲ್ಲ ತೋಟಕ್ಕೂ ಹೋಗಬೇಕು. ಅದರ ಭರವಸೆ ಇಷ್ಟು: ಒಮ್ಮೆ ಆಫ್ ಮಾಡಿದರೆ, ಕರೆಂಟು ಹೋಗಿ ಬಂದರೂ ಮೋಟರು ಆಫ್ ಆಗಿಯೇ ಇರುತ್ತದೆ.

"ಅಂಗಡಿ ಟೇಬಲ್ ಮೇಲೆ ಐವತ್ತು ಸಲ ನೋಡಿದೀನಿ ಬಾಲು," ಎಂದ ಸಿದ್ದಾರ್ಥ್.

"ಟೇಬಲ್ ಮೇಲೆ ಆಟೋ ಸ್ವಿಚ್ ಎಲ್ಲೈತೆ?" ಬಾಲರಾಜು ಸ್ಟಾರ್ಟರಿನ ಪಕ್ಕದ ಹಳೆಯ ಪೆಟ್ಟಿಗೆಗೆ ಗುದ್ದಿದ. ತ್ರೀ ಫೇಸ್ ಯಾವ ಹೊತ್ತಿಗೆ ಬಂದರೂ ಮೋಟರು ತಾನೇ ಹತ್ತಲೆಂದು ಪ್ರತಿ ತೋಟದಲ್ಲೂ ಹಾಕಿಸಿದ್ದ ಪೆಟ್ಟಿಗೆ ಅದು. "ಆಫ್ ಐತೆ ಅಂತ ನಂಬಿ ಯಾವನಾದ್ರೂ ಕೇಬಲ್‌ಗೆ ಕೈ ಹಾಕಿದ್ರೆ? ನಾಕು ಗಂಟೆಗೆ ಕರೆಂಟ್ ಬತ್ತದೆ, ಅಲ್ಲಿಗಂಟ ಕಾಯಿ ಮಲ್ಲೇಶಣ್ಣ!"

"ಹತ್ತು ನಿಮಿಷಕ್ಕೆ ನಿನ್ನ ಗಂಟೇನ್ ಕರಗಕಿಲ್ಲ ಕಣಪ್ಪ," ಎಂದಳು ಗುರುಸಿದ್ದಮ್ಮ. ಅವಳೇ ಫೋನಿನಲ್ಲಿ ಆಫ್ ಒತ್ತಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ನಾಲ್ಕಾಯಿತು. ನಾಲ್ಕು ಐದು. ಮಲ್ಲೇಶ್ ಗಡಿಯಾರ ನೋಡಿ ಹಲ್ಲು ಕಿರಿದ.

ಕರೆಂಟು ಬಂದು ಕಂಬದ ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ಆಟೋ ಸ್ವಿಚ್ ಟಕ್ಕೆಂದಿತು. ಪೈಪು ಎರಡು ಸಲ ಕೆಮ್ಮಿ, ಗಾಳಿ ಉಗುಳಿ, ಭರ್ರೆಂದು ನೀರು ಹಾರಿಸಿತು.

"ಆಫ್ ಐತಲ್ರಪ್ಪೋ! ಇನ್ನೂ ಆಫ್ ಅಂತಾನೇ ತೋರುಸ್ತೈತೆ!" ಗುರುಸಿದ್ದಮ್ಮ ಕೂಗಿದಳು. ರೈತರೆಲ್ಲ ಹೋ ಎಂದು ಅವಳ ಫೋನಿನ ಮೇಲೆ ಮುಗಿಬಿದ್ದರು.

ಸಿದ್ದಾರ್ಥ್ ಒದ್ದೆ ಮಣ್ಣಿನಲ್ಲೇ ಕೂತು ಲ್ಯಾಪ್‌ಟಾಪ್ ತೆರೆದ. "ಐದಕ್ಕೆ ಬಿಡಲ್ಲ ಮಲ್ಲೇಶಣ್ಣ. ಡಬ್ಬ, ಆಟೋ ಸ್ವಿಚ್, ಮೋಟರು ಮೂರೂ ಒಟ್ಟಿಗೆ ಇಟ್ಟು ನೋಡದೆ ಇನ್ಮೇಲೆ ಯಾವ್ದನ್ನೂ ಬಿಡಲ್ಲ."

ಮಲ್ಲೇಶ್ ಕಪ್ಪಿಟ್ಟ ಮುಖದಲ್ಲಿ ಬಾಲರಾಜುವಿನತ್ತ ತಿರುಗಿದ. "ಇದೊಂದು ತೋಟದ್ ಕತೆ ಇರ್ಬೋದು. ಮಿಕ್ಕಿದ್ ಕಡೇನೂ ಹಿಂಗೇ ಆಯ್ತದೆ ಅಂತ ಏನ್ಲಾ ಗ್ಯಾರಂಟಿ? ನಿನ್ನೇ ಕಣ್ಲಾ ಕೇಳ್ತಿರೋದು!"

ಬಾಲರಾಜು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿ, ಪ್ಯಾಂಟು ಮಡಿಚಿ, ಹರಿಯತೊಡಗಿದ್ದ ಕಾಲುವೆಯನ್ನು ಒಂದೇ ನೆಗೆತಕ್ಕೆ ದಾಟಿದ. ಪಕ್ಕದ ತೋಟದ ಮೋಟರನ್ನೂ ಪರೀಕ್ಷಿಸಲು ಅವನು ಬೇಲಿಯತ್ತ ಹೋಗುತ್ತಿದ್ದಂತೆ, ಹಿಂದೆ ನೀರು ಒಂದು ತೆಂಗಿನ ಬುಡ ತುಂಬಿ ಮುಂದಿನದಕ್ಕೆ ನುಗ್ಗಿತು.