ಲೋಫಿಂಕ್ ಮನೆತನದ ಒಂದಕ್ಷರ

ನಮ್ಮ ಎರ್ಲೆನ್‌ರೋಡ್ ಚರ್ಚಿನ ಕಪಾಟಿನಲ್ಲಿ ಮುನ್ನೂರೈವತ್ತು ವರ್ಷಗಳ ಪುಸ್ತಕಗಳಿವೆ. ಯಾರು ಹುಟ್ಟಿದರು, ಯಾರು ಯಾರನ್ನು ಕಟ್ಟಿಕೊಂಡರು, ಯಾರು ಯಾವ ಕಾಯಿಲೆಗೆ ಸತ್ತರು, ಎಲ್ಲವನ್ನೂ ಅಂದಂದಿನ ಪಾದ್ರಿಗಳು ಬರೆದಿಟ್ಟಿದ್ದಾರೆ. ಬರೆದದ್ದೇನೋ ಸರಿ, ಓದೋರು ಯಾರು? ಆ ಕಾಲದ ಕೈಬರಹ ಈಗಿನವರ ಕಣ್ಣಿಗೆ ಕಾಗೆ ಕಾಲು, ಗುಬ್ಬಿ ಕಾಲು. ಅದನ್ನು ಸರಾಗವಾಗಿ ಓದಬಲ್ಲವಳು ಊರಿನಲ್ಲಿ ಒಬ್ಬಳೇ, ಇರ್ಮೆಲಾ ವೀಗಾಂಡ್. ಪೇಟೆಯ ಔಷಧಿ ಅಂಗಡಿಯಲ್ಲಿ ನಲವತ್ತು ವರ್ಷ ಡಾಕ್ಟರುಗಳ ಚೀಟಿ ಓದಿದವಳು. ಅದಕ್ಕಿಂತ ಕೆಟ್ಟ ಅಕ್ಷರವನ್ನು ದೇವರು ಸೃಷ್ಟಿಸಿಲ್ಲ ಅನ್ನುತ್ತಿದ್ದಳು.

ಪ್ರತಿ ಗುರುವಾರ ನಾಲ್ಕು ಗಂಟೆಗೆ ಪಾದ್ರಿಮನೆಯ ಹಜಾರದಲ್ಲಿ ಅವಳ ಪಾಠ. ಬೀಗದಕೈ ನನ್ನ ಹತ್ತಿರ, ಕಾಫಿಯೂ ನನ್ನದೇ. ಆರೇಳು ಜನ ಭೂತಗನ್ನಡಿ ಹಿಡಿದು ತಂತಮ್ಮ ಮುತ್ತಜ್ಜಂದಿರನ್ನು ಹುಡುಕುತ್ತ ಕೂತಿರುತ್ತಿದ್ದೆವು.

ಏಪ್ರಿಲ್‌ನ ಒಂದು ಗುರುವಾರ ಬುರ್ಕ್‌ಹಾರ್ಟ್ ಲೋಫಿಂಕ್ ಬಾಗಿಲು ತಟ್ಟದೆ ಒಳಗೆ ಬಂದ. ಟ್ರ್ಯಾಕ್ಟರ್ ಮಾರಿ ದೊಡ್ಡವನಾದ ಮನುಷ್ಯ. ಇರ್ಮೆಲಾಳೂ ಅವನೂ ಒಂದೇ ಬೆಂಚಿನಲ್ಲಿ ಅಆಇಈ ಕಲಿತವರು, ಅಂದಿನಿಂದ ಹಾವು ಮುಂಗುಸಿ. ಊರಿಗೆ ಏಳುನೂರೈವತ್ತು ವರ್ಷ ತುಂಬುವ ಹಬ್ಬ ಸೆಪ್ಟೆಂಬರಿಗಿತ್ತು, ಮೆರವಣಿಗೆಯ ಉಸ್ತುವಾರಿಯೆಲ್ಲ ಇವನದೇ.

ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಹಳೇ ಪುಟದ ಚಿತ್ರವಿದ್ದ ಫೋನು ಚಾಚಿ, "ನೋಡ್ರಪ್ಪ, ನೋಡಿ! 1711ರ ನಾಮಕರಣದ ಪುಸ್ತಕ. ಮಗುವಿನ ತಂದೆ ನಮ್ಮ ಮೂಲಪುರುಷ, ಹಾನ್ಸ್ ಎಕಾರ್ಟ್ ಲೋಫಿಂಕ್. ಹೆಸರಿನ ಮುಂದೆ ಏನಿದೆ ಓದಿ. ಗ್ರಾಫ್!" ಅಂದ.

ಗ್ರಾಫ್ ಅಂದರೆ ಜಹಗೀರು ಆಳುವ ದೊರೆ. ನಾವೆಲ್ಲ ಬಾಯಿ ಬಿಟ್ಟೆವು. ಇರ್ಮೆಲಾ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಅವಳ ತುಟಿಯ ಒಂದು ಮೂಲೆ ಕೊಂಚ ಮೇಲಕ್ಕೆ ಹೋಯಿತು. ಫೋನನ್ನು ವಾಪಸ್ಸು ಕೊಟ್ಟಳು.

"ಮೆರವಣಿಗೇಲಿ ನಾನು ಮೊದಲನೇ ಸಾರೋಟಲ್ಲಿ ಬರ್ತೀನಿ. ಮಖಮಲ್ಲಿನ ನಿಲುವಂಗಿ ಹೊಲಿಯೋಕೆ ಕೊಟ್ಟಾಯ್ತು. ಇರ್ಮೆಲಾ, ನಿನಗೂ ಒಂದು ಜಾಗ ಇಟ್ಟಿದೀನಿ ಕಣೇ, ಹಿಂದುಗಡೆ. ಹೆಬ್ಬಾತು ಹೊಡ್ಕೊಂಡು ಬಾ. ನಿಮ್ಮ ಮನೆತನ ಮೊದಲಿಂದ ಅದೇ ತಾನೆ?"

ಅದು ನಿಜವೇ. ವೀಗಾಂಡರು ಹೆಬ್ಬಾತು ಕಾಯುತ್ತಿದ್ದವರು. ಆದರೆ ಹೇಳುವುದಕ್ಕೂ ಒಂದು ರೀತಿ ಇದೆ.

ಇರ್ಮೆಲಾ ಮೆಲ್ಲಗೆ ಅಂದಳು: "ಆಯ್ತಪ್ಪ ದೊರೆ. ಆದ್ರೆ ದೊರೆಗಳಿಗೆ ತಮ್ಮ ದಾಖಲೆ ತಾವೇ ಓದೋಕೆ ಬರಬೇಕಲ್ವಾ? ಹಬ್ಬದ ದಿನ ವೇದಿಕೆ ಮೇಲೆ ಆ ಪುಟ ಪೂರ್ತಿ ನೀನೇ ಓದಿ ಹೇಳು. ಒಂದು ಪದ ಬಿಡಿಸಿದ್ರೆ ಯಾರು ನಂಬ್ತಾರೆ?"

"ಅದೇನು ಮಹಾ! ಕಲೀತೀನಿ."

ಅವನು ಹೋದ ಮೇಲೆ ಲೋಟ ತೊಳೆಯುತ್ತ ಕೇಳಿದೆ: "ಏನೇ ಅದು, ನಿನ್ನ ಮುಖ ಬೆಣ್ಣೆ ಕದ್ದ ಬೆಕ್ಕಿನ ಹಾಗಾಗಿತ್ತು?"

"ಆಲ್ಮುಟ್, ಬಾಯಿ ಬಿಡಲ್ಲ ಅಂತ ಆಣೆ ಮಾಡು," ಅಂದಳು. ಮಾಡಿದೆ. "ಅದು ಗ್ರಾಫ್ ಅಲ್ಲ ಕಣೇ. ಗ್ರಾಸ್. ಹುಲ್ಲು. ಹಳೇ ಬರಹದಲ್ಲಿ 'ಫ'ಕಾರಕ್ಕೂ ಉದ್ದ 'ಸ'ಕಾರಕ್ಕೂ ಸೊಂಟದ ಹತ್ತಿರ ಒಂದು ಸಣ್ಣ ಸುಳಿ ಅಷ್ಟೇ ವ್ಯತ್ಯಾಸ. ಅಂಕಣ ಕಿರಿದು ಅಂತ ಪಾದ್ರಿ ಪದಾನ ಅರ್ಧಕ್ಕೆ ಮುರಿದು ಉಳಿದಿದ್ದನ್ನ ಕೆಳಗಿನ ಸಾಲಿಗೆ ಹಾಕಿದ್ದಾನೆ. ಎರಡೂ ಕೂಡಿಸಿ ಓದಿದ್ರೆ ಹುಲ್ಲು ಕೊಯ್ಯೋನು. ದೊರೆಯ ಹುಲ್ಲುಗಾವಲಲ್ಲಿ ಕೂಲಿ."

"ಹೇಳಿಬಿಡೇ ಪಾಪ!"

"ನಾನ್ಯಾಕೆ ಹೇಳ್ಲಿ? ಅವನೇ ಓದ್ತಾನೆ."

ಹಾಗೆ ದೊರೆಯ ವಿದ್ಯಾಭ್ಯಾಸ ಶುರುವಾಯಿತು. ಇರ್ಮೆಲಾ ಅವನನ್ನು ಗಾಣಕ್ಕೆ ಹಾಕಿದಳು. ಒಂದೊಂದು ಅಕ್ಷರ ಐವತ್ತು ಸಲ. ಮನೆಯ ಸಾಮಾನಿನ ಪಟ್ಟಿಯನ್ನೂ ಹಳೇ ಬರಹದಲ್ಲೇ ಬರೆಯಬೇಕು ಅಂದಳು. ಅವನು ಆ ಚೀಟಿಯನ್ನೇ ಹೆಂಡತಿಯ ಕೈಗೆ ಕೊಟ್ಟು, ಆಕೆ ಆಲೂಗಡ್ಡೆಯ ಬದಲು ಏನೇನೋ ತಂದು, ಮೂರು ದಿನ ಮನೆಯಲ್ಲಿ ಮಾತುಕತೆ ಇರಲಿಲ್ಲ. ಆದರೂ ಬಿಡಲಿಲ್ಲ. ಅಹಂಕಾರಕ್ಕೆ ಬಂದವನು ರುಚಿಗೆ ಬಿದ್ದ. ಜೂನ್ ಹೊತ್ತಿಗೆ ಪಕ್ಕದವರ ಪುಟಕ್ಕೂ ತಲೆ ಹಾಕಿ, "ಅದು 'ನ' ಅಲ್ಲ ಕಣಯ್ಯ, 'ಎ'," ಅಂತ ತಿದ್ದತೊಡಗಿದ.

ಜುಲೈನ ಎರಡನೇ ಗುರುವಾರ ಕಪಾಟಿನಿಂದ 1711ರ ಪುಸ್ತಕವನ್ನೇ ಕೇಳಿ ತೆಗೆಸಿಕೊಂಡ. ಭೂತಗನ್ನಡಿ ಹಿಡಿದು ಕೂತ. ನಾನು ಕಾಫಿ ಸುರಿಯುವುದನ್ನೂ ಮರೆತು ಅವನ ಕಿವಿಗಳನ್ನೇ ನೋಡುತ್ತಿದ್ದೆ. ಮೊದಲು ಎಡಗಿವಿ ಕೆಂಪಾಯಿತು, ಆಮೇಲೆ ಬಲಗಿವಿ. ಬೆರಳು ಕೆಳಗಿನ ಸಾಲಿಗೆ ಇಳಿಯಿತು, ಮತ್ತೆ ಮೇಲೆ ಹತ್ತಿತು, ಮತ್ತೆ ಇಳಿಯಿತು.

"ಏನಪ್ಪ ದೊರೆ, ಓದೋಕೆ ಬಂತಾ?" ಇರ್ಮೆಲಾ ಸಕ್ಕರೆ ಸುರಿದ ದನಿಯಲ್ಲಿ ಕೇಳಿದಳು.

"ಕನ್ನಡಕ ಮಬ್ಬಾಗಿದೆ," ಅಂದವನೇ ಟೋಪಿ ತೆಗೆದುಕೊಂಡು ಹೊರಟುಹೋದ.

ಎರಡು ಗುರುವಾರ ಅವನ ಸುಳಿವಿಲ್ಲ. ಸಾರೋಟು ಬೇಡವೆಂದು ಹೇಳಿ ಕಳಿಸಿದನೆಂದು ಸುದ್ದಿ ಬಂತು. ಹೊಟ್ಟೆ ಹಿಡಿದು ನಗಬೇಕಾಗಿದ್ದ ಇರ್ಮೆಲಾ ಪ್ಲಮ್ ಕೇಕನ್ನು ಮುಳ್ಳುಚಮಚದಲ್ಲಿ ಕೆದಕುತ್ತ ಕೂತಿದ್ದಳು. "ನಾನು ಮಾಡಿದ್ದು ಜಾಸ್ತಿ ಆಯ್ತೇನೇ?" ಅಂತ ಕೇಳಿದಳು. ಆಯಿತು ಅಂದೆ. ಮುಖ ಊದಿಸಿಕೊಂಡಳು.

ಅವಳಿಗೆ ಹೇಳದ ಸಂಗತಿ ನನ್ನ ಹತ್ತಿರ ಒಂದಿತ್ತು. ಬುರ್ಕ್‌ಹಾರ್ಟ್ ಅದಾಗಲೇ ನನ್ನ ಮನೆಗೆ ಬಂದು ಬೀಗದಕೈ ಬೇಡಿದ್ದ. "ಹುಲ್ಲು ಕೊಯ್ಯೋನಾದ್ರೂ ನಮ್ಮಜ್ಜನೇ ಅಲ್ವಾ? ಅವನ ಮದುವೆ ಯಾರ ಜೊತೆ ಆಯ್ತು ಅಂತ ಒಂದು ಸಲ ನೋಡ್ತೀನಿ ಆಲ್ಮುಟ್. ಅವಳಿಗೆ ಹೇಳಬೇಡ." ಆ ದನಿಗೆ ಕರಗಿ, ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು ಬಾಗಿಲು ತೆರೆದು ಕೊಡುತ್ತಿದ್ದೆ. ಒಳಗೆ ಏನು ಕಂಡನೋ, ಒಂದು ದಿನ ಅವನ ನಗು ಅಂಗಳದವರೆಗೂ ಕೇಳಿಸಿತು.

ಮೂರನೇ ಗುರುವಾರ ಬಂದ. ಎಲ್ಲರೂ ಕೂತ ಮೇಲೆ ಮದುವೆಯ ಪುಸ್ತಕ ಬಿಚ್ಚಿ ಎದ್ದು ನಿಂತ.

"1709. ದೊರೆಯ ಹುಲ್ಲು ಕೊಯ್ಯುವ ಹಾನ್ಸ್ ಎಕಾರ್ಟ್ ಲೋಫಿಂಕ್," ಅಂತ ಗಟ್ಟಿಯಾಗಿ ಓದಿದ. ಹಜಾರವೆಲ್ಲ ಗುಸುಗುಸು. ಅವನು ಕೈ ಎತ್ತಿದ. "ಇರಿ, ಮುಗಿದಿಲ್ಲ. ವಧು, ಹೆಬ್ಬಾತು ಕಾಯುವವನ ಮಗಳು ಅನ್ನಾ ಎಲಿಸಬೆತ್ ವೀಗಾಂಡ್."

ಎಲ್ಲರ ತಲೆಗಳೂ ಇರ್ಮೆಲಾಳತ್ತ ತಿರುಗಿದವು. ಅವಳು ಕಿಟಕಿಯತ್ತ ತಿರುಗಿದಳು.

"ಪಕ್ಕದಲ್ಲಿ ಪಾದ್ರಿಯದೊಂದು ಟಿಪ್ಪಣಿ ಇದೆ, ಕೇಳಿ. 'ವರನ ಕುಡುಗೋಲು ಹರಿತ, ವಧುವಿನ ನಾಲಿಗೆ ಅದಕ್ಕಿಂತ ಹರಿತ. ಈ ಮನೆಯನ್ನು ದೇವರೇ ಕಾಯಬೇಕು.'"

ನಗು ಹಜಾರದ ಗಾಜು ಅಲುಗಿಸಿತು. ಬುರ್ಕ್‌ಹಾರ್ಟ್ ಪುಸ್ತಕ ಮುಚ್ಚಿ ಅವಳ ಮುಂದೆ ಹೋಗಿ ನಿಂತ. "ಇದು ನಿನಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು. ಹನ್ನೊಂದು ವರ್ಷದಿಂದ."

"ಯಾಕೆ ಹೇಳಲಿಲ್ಲ?"

"ನಿನ್ನ ನೆಂಟಳು ಅನ್ನಿಸಿಕೊಳ್ಳೋದಕ್ಕಿಂತ ಹೆಬ್ಬಾತುಗಳೇ ವಾಸಿ ಅನ್ನಿಸ್ತು."

"ನಾಲಿಗೆ ನೋಡಿ, ನಾಲಿಗೆ! ಮುನ್ನೂರು ವರ್ಷ ಆದ್ರೂ ಮೊಂಡಾಗಿಲ್ಲ," ಅಂದ ಅವನು. ಇರ್ಮೆಲಾ ತಡೆಯಲಾರದೆ ನಕ್ಕುಬಿಟ್ಟಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡು ಎಷ್ಟೋ ವರ್ಷಗಳಾಗಿದ್ದವು.

ಸೆಪ್ಟೆಂಬರಿನ ಮೆರವಣಿಗೆಯಲ್ಲಿ ಅವನು ಹೆಗಲ ಮೇಲೆ ಉದ್ದ ಹಿಡಿಯ ಕುಡುಗೋಲು ಹೊತ್ತು ನಡೆದ, ಪಕ್ಕದಲ್ಲಿ ಅವಳು ನಾಲ್ಕು ಹೆಬ್ಬಾತುಗಳೊಂದಿಗೆ. ದಾರಿಯುದ್ದಕ್ಕೂ ಕುಡುಗೋಲು ಹಿಡಿಯುವುದು ಹೇಗೆಂದು ಇಬ್ಬರೂ ಎಷ್ಟು ಜೋರಾಗಿ ಕಿತ್ತಾಡಿದರೆಂದರೆ ಹಿಂದಿದ್ದ ವಾದ್ಯದವರಿಗೆ ತಾಳ ತಪ್ಪಿತು.

ಅಕ್ಟೋಬರಿನಲ್ಲಿ ಬುರ್ಕ್‌ಹಾರ್ಟ್‌ಗೆ ಸೊಂಟದ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಇರ್ಮೆಲಾಳಿಗೆ ಅವನದೊಂದು ಪತ್ರ ಬಂತು, ಎರಡು ಪುಟ, ಪೂರ್ತಿ ಹಳೇ ಬರಹದಲ್ಲಿ. ಅವಳು ಓದಿ, ಮಡಿಸಿ, ಪರ್ಸಿನೊಳಗೆ ಸೇರಿಸಿದಳು.

"ಏನಂತೆ?"

"ನಿನಗ್ಯಾಕೆ?"

ನನಗೆ ತಡೆಯಲಾಗಲಿಲ್ಲ. ಅವಳು ಬೇಕರಿಯಲ್ಲಿ ಬ್ರೆಡ್ ಆರಿಸುತ್ತಿದ್ದಾಗ ಪರ್ಸು ನನ್ನ ಕೈಯಲ್ಲಿತ್ತು. ನಾನೇನು ಸುಮ್ಮನೆ ಅಷ್ಟು ಗುರುವಾರ ಕಾಫಿ ಕಾಸಿದ್ದೆನೇ? ಪತ್ರ ತೆಗೆದು ಅಕ್ಷರ ಕೂಡಿಸಿ ಓದಿದೆ. ಲಿವರ್ ಸಾಸೇಜು ಒಂದು ದೊಡ್ಡದು, ಸಾಸಿವೆ ಒಂದು ಬಾಟಲಿ, ಉಣ್ಣೆಯ ಕಾಲುಚೀಲ ಎರಡು ಜೊತೆ, ಸೇಬಿನ ಮದ್ಯ ಕಾಫಿ ಫ್ಲಾಸ್ಕಿನಲ್ಲಿ ತುಂಬಿ ತರುವುದು. ನರ್ಸುಗಳಿಗಾಗಲಿ ಹೆಂಡತಿಗಾಗಲಿ ಇದನ್ನು ಓದಲು ಬಾರದು, ಆದ್ದರಿಂದ ಧೈರ್ಯವಾಗಿ ಬರೆದಿದ್ದೇನೆ. ಕೊನೆಗೆ ಒಂದು ಸಾಲು: ಆಲ್ಮುಟ್ ಇದನ್ನು ಕದ್ದು ಓದಿಯೇ ಓದುತ್ತಾಳೆ, ಸಾಸೇಜು ಅವಳೇ ತರಲಿ.

ತಲೆ ಎತ್ತಿದರೆ ಇರ್ಮೆಲಾ ಬ್ರೆಡ್ ಹಿಡಿದು ಎದುರಿಗೆ ನಿಂತಿದ್ದಳು.

"ಸಾಸೇಜಿನ ಅಂಗಡಿ ಆರಕ್ಕೆ ಮುಚ್ಚುತ್ತೆ," ಅಂದಳು.