ಟೆಸ್ಸಿಯ ಬಾಣಂತಿ ಪೆಟ್ಟಿಗೆ

ಸಾಕುನಾಯಿ ಟೆಸ್ಸಿ ಮತ್ತೆ ಗಬ್ಬವಾಗಿದೆ ಎಂದು ಹೆಂಡತಿ ಗೆರ್ಟ್ರೂಡ್ ಬಂದು ಹೇಳಿದಾಗ ರಾಫೆಲ್ ಬಾಗಿಲಿನ ದಾರಂದವೊಂದನ್ನು ಕೀಸುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಡಾಕ್ಟ್ರು ಸ್ಕ್ಯಾನ್ ಮಾಡಿದ್ರು. ಐದೋ ಆರೋ ಉಂಟಂತೆ. ತಿಂಗಳ ಕೊನೆಗೆ ಮರಿ ಹಾಕ್ತದೆ."

"ಹೂಂ."

"ಪೆಟ್ಟಿಗೆ ಬೇಕಲ್ಲ, ರಾಫು."

ಅವನು ಕೀಸುಳಿಯನ್ನು ಇನ್ನಷ್ಟು ಒತ್ತಿ ಎಳೆದ. ಬೋಳಾರದಲ್ಲಿ ಮನೆಗೆ ತಾಗಿಕೊಂಡೇ ಇದ್ದ ಆ ಶೆಡ್ಡು, ಮಸ್ಕತ್ತಿನಲ್ಲಿ ಬಹಳ ವರ್ಷ ಬಡಗಿಯಾಗಿ ದುಡಿದು ಬಂದ ಮೇಲೆ ಅವನು ಕಟ್ಟಿಕೊಂಡದ್ದು. ಗೆರ್ಟ್ರೂಡ್ ಪೇಟೆಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡನ ಮೌನಗಳಲ್ಲಿ ಯಾವುದು ಆಯಾಸದ್ದು, ಯಾವುದು ಸಂಕಟದ್ದು ಎಂದು ಅವಳಿಗೆ ಗೊತ್ತಿತ್ತು.

ಹಿಂದಿನ ಸಲದ ಪೆಟ್ಟಿಗೆ ರಾಫೆಲನೇ ಮಾಡಿದ್ದು. ಹಳೆಯ ಹಲಸಿನ ಮರ. ಒಂದೂ ಮೊಳೆ ಹೊಡೆಯದೆ, ಮೂಲೆಗಳಿಗೆ ಹಲ್ಲು ಕೊರೆದು ಒಂದಕ್ಕೊಂದು ಕೂಡಿಸಿದ್ದ. ಹೊರಗೆ ಪಾಲಿಶ್, ಒಳಗೆ ಬರಿ ಮರ. ನೆರೆಯವರು ಬಂದು ನೋಡಿ, "ಇದು ನಾಯಿಗಾ, ಮನುಷ್ಯರಿಗಾ?" ಎಂದು ನಕ್ಕು ಹೋಗಿದ್ದರು. ಟೆಸ್ಸಿ ಅದರಲ್ಲಿ ಮರಿ ಹಾಕಿತು. ಕೆಲವು ದಿನ ಎಲ್ಲ ಸರಿಯಿತ್ತು. ಮತ್ತೆ ಮರಿಗಳ ಹೊಕ್ಕುಳು ಕೆಂಪಾಗಿ ಬಾತುಕೊಂಡಿತು, ಹೊಟ್ಟೆ ಉಬ್ಬಿತು, ಒಂದೊಂದಾಗಿ ಮೊಲೆ ಬಿಟ್ಟವು. ಕಣ್ಣು ತೆರೆಯುವ ಮೊದಲೇ ಎಲ್ಲವೂ ಹೋದವು.

ನಾಯಿಯ ಡಾಕ್ಟರು ಮನೆಗೆ ಬಂದು ಪೆಟ್ಟಿಗೆಯ ಮೂಲೆಗೆ ಬಗ್ಗಿ ಮೂಸಿ ನೋಡಿದ್ದರು. "ಮರ ಮೂತ್ರ ಕುಡಿದಿದೆ. ಸಂದಿಯಲ್ಲೆಲ್ಲ ಕೊಳೆ. ನಂಜು ಇದರಿಂದ ಆಗಿರಲೂಬಹುದು, ಬೇರೆ ಕಡೆಯಿಂದ ಬಂದಿರಲೂಬಹುದು. ಯಾವುದಕ್ಕೂ ಇದನ್ನು ಸುಟ್ಟುಬಿಡಿ."

ಆ ಮಾತಿನಲ್ಲಿ ಪೆಟ್ಟಿಗೆಯಿಂದ ಎಂಬ ಅರ್ಧ ಮಾತ್ರ ರಾಫೆಲನೊಳಗೆ ಇಳಿಯಿತು. ಮರಿಗಳನ್ನು ತೆಂಗಿನ ಬುಡದಲ್ಲಿ ಹೂತವನು ಅವನೇ. ಟೆಸ್ಸಿ ಹೋಗಿ ಆ ಮಣ್ಣು ಕೆದಕತೊಡಗಿದಾಗ ಅದನ್ನು ಎತ್ತಿಕೊಂಡು ಒಳಗೆ ತಂದವನೂ ಅವನೇ. ಪೆಟ್ಟಿಗೆ ಸುಟ್ಟೆ ಎಂದು ಹೆಂಡತಿಗೆ ಹೇಳಿದ. ಸುಟ್ಟಿರಲಿಲ್ಲ. ಶೆಡ್ಡಿನ ಹಿಂದೆ ಟರ್ಪಾಲು ಹೊದಿಸಿ ಇಟ್ಟಿದ್ದ.

"ಈ ಸಲ ಮರ ಬೇಡ," ಗೆರ್ಟ್ರೂಡ್ ಹೇಳಿದಳು. "ದಿನಾ ತೊಳೆದು ಒರೆಸ್ಲಿಕ್ಕೆ ಆಗುವಂಥದ್ದು ಬೇಕು."

"ನನಗೆ ಗೊತ್ತಿರುವುದು ಮರ ಒಂದೇ."

"ಹಾಗಾದ್ರೆ ಗೊತ್ತಿದ್ದವರ ಹತ್ರ ಕೇಳುವಾ."

"ಕೇಳು. ಯಾರು ಬೇಡ ಅಂದದ್ದು?"

ಅವಳು ಕೇಳಿಯೇಬಿಟ್ಟಳು. ಮರುದಿನ ಮಧ್ಯಾಹ್ನದ ಮೊದಲು ನಿಯಾಝ್ ಬೈಕ್ ನಿಲ್ಲಿಸಿ ಶೆಡ್ಡಿನೊಳಗೆ ಬಂದ. ಮುಖ್ಯರಸ್ತೆಯಲ್ಲಿ ಪಿವಿಸಿ ಶೀಟಿನ ಅಡುಗೆಮನೆ ಕಪಾಟು, ಬಚ್ಚಲಿನ ಬಾಗಿಲು ಮಾಡಿಕೊಡುವವನು. ಅವನು ಅಂಗಡಿ ತೆರೆದಂದಿನಿಂದ ರಾಫೆಲನಿಗೆ ಬಚ್ಚಲಿನ ಬಾಗಿಲಿನ ಕೆಲಸ ಬರುವುದು ನಿಂತಿತ್ತು. ಹಾಗೆಂದು ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಮಾತೂ ಹೆಚ್ಚು ಇರಲಿಲ್ಲ.

"ರಾಫೆಲಣ್ಣ, ಸಿಸ್ಟರ್ ಬಂದಿದ್ರು. ನಾಯಿಗೆ ಪೆಟ್ಟಿಗೆ ಬೇಕಂತೆ. ಶೀಟು ನಾನು ಕತ್ತರಿಸಿ ಕೊಡ್ತೇನೆ. ಆದ್ರೆ ನಾಯಿ ಹೇಗೆ ಮಲಗ್ತದೆ, ಮರಿ ಎಲ್ಲಿ ಹೊರಳ್ತದೆ, ನನಗೆಂತ ಗೊತ್ತು? ಅಳತೆ ನೀವೇ ಹೇಳ್ಬೇಕು."

"ನಾನು ಹೇಳಿದ ಅಳತೆಯಲ್ಲಿ ಎಂತ ಆಯ್ತು ಅಂತ ಅವಳು ಹೇಳ್ಲಿಲ್ವಾ?"

ನಿಯಾಝ್ ನೆಲ ನೋಡಿದ. "ಹೇಳಿದ್ರು. ಅಳತೆ ತಪ್ಪಾಗಿತ್ತು ಅಂತ ಹೇಳ್ಲಿಲ್ಲ."

ರಾಫೆಲ್ ಉಳಿಯನ್ನು ಕೆಳಗಿಟ್ಟ. ಕೆಲಸ ತಿಳಿದವನು ಕೆಲಸದ ಮಾತಿಗೆ ಎಷ್ಟು ಹೊತ್ತು ಬೆನ್ನು ತೋರಿಸಿ ಕೂತಾನು? ಟೇಪು ತೆಗೆದುಕೊಂಡು ಅಂಗಳಕ್ಕೆ ಹೋದ. ನೆರಳಿನಲ್ಲಿ ಕಾಲು ಚಾಚಿ ಮಲಗಿದ್ದ ಟೆಸ್ಸಿಯ ಮೂತಿಯಿಂದ ಹಿಂಗಾಲಿನ ತನಕ ಅಳೆದ. ಅದು ಬಾಲವನ್ನು ಒಮ್ಮೆ ನೆಲಕ್ಕೆ ಬಡಿಯಿತು.

"ಇದರ ಒಂದೂವರೆ ಪಾಲು ಉದ್ದ, ಅಗಲವೂ ಅಷ್ಟೇ," ಎಂದ. "ಒಳಗೆ ಸುತ್ತಲೂ ಗೋಡೆಯಿಂದ ಸ್ವಲ್ಪ ಈಚೆಗೆ ಒಂದು ಪೈಪು ಬೇಕು. ತಾಯಿ ಗೋಡೆಗೆ ಒರಗಿದಾಗ ಮರಿ ಹಿಂದೆ ಸಿಕ್ಕಿದ್ರೆ ಉಸಿರು ಕಟ್ತದೆ. ಪೈಪಿನ ಅಡಿ ಮರಿಗೆ ಜಾಗ ಇರ್ತದೆ. ಆದ್ರೆ ಪೈಪು ಬಿಚ್ಲಿಕ್ಕೂ ಆಗ್ಬೇಕು, ಇಲ್ಲದಿದ್ರೆ ಅದರ ಹಿಂದೆ ಕೊಳೆ ನಿಲ್ತದೆ."

"ಗೋಡೆಗಳನ್ನೂ ಬೋಲ್ಟ್ ಹಾಕಿ ಬಿಚ್ಚುವ ಹಾಗೆ ಮಾಡುವಾ. ಬಿಚ್ಚಿ ಅಂಗಳದಲ್ಲಿ ಹಾಸಿ ತೊಳೀಬಹುದು," ನಿಯಾಝ್ ಹೇಳಿದ.

ಎದುರಿನ ಗೋಡೆ ಎಷ್ಟು ತಗ್ಗಿರಬೇಕು ಎಂಬುದು ಮಾತ್ರ ರಾಫೆಲನಿಗೆ ಸರಿಯಾಗಿ ನೆನಪಾಗಲಿಲ್ಲ. ಮೊಲೆಯ ಭಾರ ಹೊತ್ತ ತಾಯಿ ಹೊಟ್ಟೆ ಉಜ್ಜದೆ ದಾಟಬೇಕು, ಮರಿ ಮಾತ್ರ ದಾಟಬಾರದು. ಹಳೆಯ ಪೆಟ್ಟಿಗೆಯಲ್ಲಿ ಅದು ಸರಿಯಾಗಿತ್ತು. ನಿಯಾಝನನ್ನು ಕಳಿಸಿ, ಶೆಡ್ಡಿನ ಹಿಂದೆ ಹೋಗಿ ಟರ್ಪಾಲು ಎತ್ತಿದ. ಹುಳಿ ಹುಳಿಯಾದ ಒಂದು ವಾಸನೆ ಮೂಗಿಗೆ ಬಡಿಯಿತು. ಅಳತೆ ತೆಗೆದು ತಿರುಗಿದರೆ, ಡ್ಯೂಟಿಯಿಂದ ಬಂದ ಗೆರ್ಟ್ರೂಡ್ ಹೆಗಲಿನ ಬ್ಯಾಗನ್ನೂ ಇಳಿಸದೆ ನಿಂತಿದ್ದಳು.

"ಸುಟ್ಟೆ ಅಂದಿದ್ದೆಯಲ್ಲ."

"ಆಗ್ಲಿಲ್ಲ."

ಅವನು ಪೆಟ್ಟಿಗೆಯ ಒಳಮೈಗೆ ಬೆರಳು ತಾಗಿಸಿದ. "ಒಳಗೆ ಯಾಕೆ ಪಾಲಿಶ್ ಹಾಕ್ಲಿಲ್ಲ ಗೊತ್ತುಂಟಾ? ಮರಿ ನೆಕ್ಕಿದ್ರೆ ವಿಷ ಆಗ್ತದೆ ಅಂತ. ಅವುಗಳಿಗೆ ಒಳ್ಳೇದಾಗಲಿ ಅಂತಲೇ, ಗೆರ್ಟಿ. ಒಳ್ಳೇದಾಗಲಿ ಅಂತ ಮಾಡಿದ್ದೇ..."

ಹೆಂಡತಿಯ ಎದುರು ಅವನು ಅತ್ತದ್ದು ಅವನ ತಾಯಿ ತೀರಿಕೊಂಡಾಗ ಮಾತ್ರ. ಈಗ ಅಳು ಬರಲಿಲ್ಲ. ಟೇಪನ್ನು ಎಳೆದು, ಬಿಟ್ಟು, ಮತ್ತೆ ಎಳೆದ.

ಗೆರ್ಟ್ರೂಡ್ ಬ್ಯಾಗು ಇಳಿಸಿ ಮರದ ದಿಮ್ಮಿಯ ಮೇಲೆ ಕೂತಳು. "ವಾರ್ಡಿನಲ್ಲಿಯೂ ಹೀಗೆ ಆಗ್ತದೆ," ಎಂದಳು. "ಎಲ್ಲ ಸರಿ ಮಾಡಿದ್ರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆ ದಿನ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಆದ್ರೂ ಮಂಚ ತೊಳೀಲಿಕ್ಕೆ ಉಂಟಲ್ಲ, ಇನ್ನೊಬ್ಬಳು ಹೊರಗೆ ನೋವಿನಲ್ಲಿ ಕಾಯ್ತಾ ಇರ್ತಾಳಲ್ಲ. ನೀನು ಕೆಟ್ಟ ಮನಸ್ಸಿನಲ್ಲಿ ಮಾಡಿದ್ದಲ್ಲ, ರಾಫು. ಗೊತ್ತಿರಲಿಲ್ಲ, ಅಷ್ಟೇ. ನನಗೂ ಆಗ ತೋಚಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ರಾಫೆಲ್ ಗರಗಸ ತಂದ. ಹಲ್ಲು ಕೊರೆದು ಕೂಡಿಸಿದ ಮೂಲೆಗಳು ಸುಲಭಕ್ಕೆ ಬಿಡಲಿಲ್ಲ. ಅವನ ಕೈಯ ಕೆಲಸವೇ ಅವನ ಕೈಗೆ ಅಡ್ಡ ನಿಂತಿತು. ತುಂಡು ಮಾಡಿ ಅಂಗಳದ ಕೊನೆಗೆ ಒಯ್ದು ಬೆಂಕಿ ಕೊಟ್ಟ. ಹಲಸು ನಿಧಾನವಾಗಿ ಉರಿಯಿತು. ಗೆರ್ಟ್ರೂಡ್ ಅವನ ಪಕ್ಕದಲ್ಲೇ ನಿಂತಿದ್ದಳು.

ಹೊಸ ಪೆಟ್ಟಿಗೆಯ ಕೆಲಸ ನಿಯಾಝನ ಅಂಗಡಿಯಲ್ಲಿ ನಡೆಯಿತು. ಬಿಳಿ ಶೀಟು ರಾಫೆಲನ ಕೈಗೆ ಹಿಡಿಸಲಿಲ್ಲ. ಅದಕ್ಕೆ ಎಳೆಯಿಲ್ಲ, ವಾಸನೆಯಿಲ್ಲ, ಕೊರೆದರೆ ಸುರುಳಿ ಬರುವುದಿಲ್ಲ, ಪುಡಿ ಉದುರುತ್ತದೆ. ಆದರೂ ಬಿಡದೆ ಹೋದ. ಬೋಲ್ಟ್‌ಗಳ ತಲೆ ಒಳಗೆ ಕಾಣಬಾರದು ಎಂದು ಹಟ ಹಿಡಿದ. ತಳಕ್ಕೆ ತುಸು ಇಳಿಜಾರು ಕೊಟ್ಟು, ತಗ್ಗಿನ ಮೂಲೆಯಲ್ಲಿ ಸಿಂಕಿಗೆ ಹಾಕುವ ಜಾಲಿ ಕೂರಿಸಿದ. ಗೋಡೆ ಬಿಚ್ಚಿದರೂ ತಳದಲ್ಲೇ ಉಳಿಯುವ ಗಿಡ್ಡ ಅಂಚಿಗೆ ಸುತ್ತಲೂ ಸಿಲಿಕೋನ್ ಅಂಟು ಹಾಕಿ, ಅದು ಗಟ್ಟಿಯಾಗುವ ಮೊದಲು ಚಮಚದ ಬೆನ್ನಿನಿಂದ ಎಳೆದು ದುಂಡಗೆ ಮಾಡಿದ. ಬಟ್ಟೆ ಹಾಯಿಸಿದರೆ ಎಲ್ಲಿಯೂ ತಡೆಯಬಾರದು. ಮರಿಗಳ ಕಾಲು ಜಾರದಂತೆ ತಳದ ಅಳತೆಗೆ ರಬ್ಬರ್ ಮ್ಯಾಟು ಕತ್ತರಿಸಿದ. "ಎರಡು ಕತ್ತರಿಸು," ಎಂದು ಗೆರ್ಟ್ರೂಡ್ ಫೋನಿನಲ್ಲಿ ಹೇಳಿದಳು. "ಒಂದು ಬಿಸಿಲಲ್ಲಿ ಒಣಗುವಾಗ ಒಂದು ಒಳಗೆ ಇರಲಿ."

ದಿನ ತುಂಬುವ ಮೊದಲೇ ಟೆಸ್ಸಿಯನ್ನು ಅದರಲ್ಲಿ ಮಲಗಿಸಿ ರೂಢಿ ಮಾಡಿಸಿದರು. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದಾಗ ಅದು ಹಾಸಿದ ಬಟ್ಟೆಯನ್ನೆಲ್ಲ ಕೆದಕಿ ಮೂಲೆಗೆ ಸೇರಿಸಿತ್ತು. ಗೆರ್ಟ್ರೂಡ್ ಸೀರೆಯನ್ನೂ ಬದಲಿಸದೆ ಕೈ ತೊಳೆದು ಕೂತಳು. ಮಧ್ಯಾಹ್ನದ ಹೊತ್ತಿಗೆ ಆರು ಮರಿ ಬಂದವು. ಕೊನೆಯದು ಉಸಿರಾಡಲಿಲ್ಲ. ಅವಳು ಅದರ ಬಾಯಿ ಒರೆಸಿ, ಬಟ್ಟೆಯಲ್ಲಿ ಹಿಡಿದು ಬೆನ್ನು ಉಜ್ಜಿದಳು. ತುಂಬ ಹೊತ್ತು ಉಜ್ಜಿದಳು. ರಾಫೆಲ್ ಅವಳ ಕೈಯನ್ನೇ ನೋಡುತ್ತಿದ್ದ. ಕೊನೆಗೆ ಅವಳು ತಲೆ ಅಲ್ಲಾಡಿಸಿದಳು.

ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೊರಗೆ ಹೋದ. ಹೂತು ಬಂದು, ಕೈ ತೊಳೆದು, ಒದ್ದೆಯಾದ ಮ್ಯಾಟು ಎಳೆದು ಒಣಗಿದ್ದನ್ನು ಹಾಸಿದ. ಟೆಸ್ಸಿ ಎದ್ದು, ಅವನು ಹಾಸುವ ತನಕ ಕಾದು, ಮತ್ತೆ ಮಲಗಿತು. ಉಳಿದ ಐದು ಪೈಪಿನ ಅಡಿಯಿಂದ ತೆವಳಿಕೊಂಡು ಮೊಲೆ ಹುಡುಕಿದವು.

ಅಂದಿನಿಂದ ಬೆಳಿಗ್ಗೆ ಸಂಜೆ ತೊಳೆಯುವ ಕೆಲಸ ಅವನದೇ ಆಯಿತು. ಮರಿಗಳನ್ನು ಬುಟ್ಟಿಗೆ ಎತ್ತಿ, ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ, ಒಳ್ಳೆಯ ನೀರು ಹೊಯ್ದು, ವಾಸನೆ ಹೋಗುವ ತನಕ ಒರೆಸುತ್ತಿದ್ದ. ಬಾಗಿಲು ಮಾಡಲು ಕೊಟ್ಟವರು ಬಂದು ಕರೆದರೆ, "ಸ್ವಲ್ಪ ನಿಲ್ಲಿ ಮಾರಾಯ್ರೆ," ಎನ್ನುತ್ತಿದ್ದ. ಪ್ರತಿ ಸಲವೂ ಮರಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹೊಕ್ಕುಳು ನೋಡುತ್ತಿದ್ದ. ಹೊಕ್ಕುಳಬಳ್ಳಿ ಒಣಗಿ ಕಪ್ಪಾಗಿ ಉದುರಿತು. ಅಡಿಯ ಚರ್ಮ ತಿಳಿಯಾಗಿತ್ತು.

ಒಂದು ಬೆಳಿಗ್ಗೆ ಬುಟ್ಟಿಯಲ್ಲಿದ್ದ ಹೆಣ್ಣುಮರಿಯೊಂದರ ರೆಪ್ಪೆಯ ಮೂಲೆ ಬಿರಿದು, ಒಳಗೆ ನೀಲಿ ಹೊಳಪು ಕಂಡಿತು. ರಾಫೆಲ್ ಗೆರ್ಟ್ರೂಡಳನ್ನು ಕರೆಯಲು ಬಾಯಿ ತೆರೆದ. ಅವಳು ರಾತ್ರಿ ಡ್ಯೂಟಿ ಮುಗಿಸಿ ಬಂದು ಆಗಷ್ಟೇ ಮಲಗಿದ್ದಳು. ಕರೆಯಲಿಲ್ಲ. ಪೈಪಿನ ನೀರು ನಿಲ್ಲಿಸಿ, ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ. ಅದರ ಕಣ್ಣಿಗೆ ಬಿಸಿಲು ಚುಚ್ಚದಂತೆ ಇನ್ನೊಂದು ಕೈಯನ್ನು ಅಡ್ಡ ಹಿಡಿದ.