ಪಡುವಣ ಮೂಲೆಯ ನೀರು

ಹೊಸಪೇಟೆಯ ಅಣೆಕಟ್ಟಿನ ಹತ್ತಿರದ ಒಂದು ಸಂಶೋಧನಾ ಕಚೇರಿಯಲ್ಲಿ ಬಂಡ್ರಿಯ ಚೆನ್ನಬಸಮ್ಮ ಕೆಲಸಕ್ಕೆ ಸೇರಿದ್ದು ೧೯೯೧ರಲ್ಲಿ. ಇಡೀ ಹಿನ್ನೀರನ್ನು ಕಂಪ್ಯೂಟರಿನೊಳಗೆ ಕಟ್ಟಿ ನೋಡುವುದು ಅವಳ ಕೆಲಸ. ಬೇಸಿಗೆಯಲ್ಲಿ ಆ ನೀರು ಎರಡು ಪದರವಾಗುತ್ತದೆ. ಮೇಲೆ ಬಿಸಿಲಿಗೆ ಕಾದ ಹಗುರ ನೀರು, ಅಡಿಯಲ್ಲಿ ತಣ್ಣನೆಯ ಭಾರದ ನೀರು. ಅಡಿಯಲ್ಲಿ ಗಿಡಗಂಟಿ ಕೊಳೆತು, ಮೀನು ಉಸಿರಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಈ ಎರಡು ಪದರ ಎಲ್ಲಿ, ಹೇಗೆ ಬೆರೆಯುತ್ತವೆ ಎಂದು ಅವಳು ಕಂಡುಹಿಡಿಯಬೇಕಿತ್ತು.

ಮರುವರ್ಷ ಫೆಬ್ರುವರಿಯಲ್ಲಿ ಜಂಬವ್ವ ಕಚೇರಿಗೆ ಬಂದಳು. ಹಿನ್ನೀರಿನಲ್ಲಿ ಮೀನು ಹಿಡಿಯುವ ನಲವತ್ತು ಮನೆಗಳ ಸಂಘಕ್ಕೆ ಅವಳೇ ಹಿರಿಯಳು.

"ನೀರಾಗ ಬಲಿ ಕಟ್ಟಿ ಅದ್ರಾಗ ಮರಿಮೀನ ಸಾಕ್ಬೇಕಂತ ಮಾಡೀವಿ ತಂಗಿ. ಯಾವ ಮೂಲ್ಯಾಗ ಕಟ್ಟಿದ್ರ ಚಲೋ? ನಿನ್ನ ಮಿಶಿನ್ ಏನಂತೈತಿ?"

ಚೆನ್ನಬಸಮ್ಮ ಪರದೆ ತೋರಿಸಿದಳು. ಪದರಗಳು ಬೆರೆತು ಅಡಿಯ ಕೆಟ್ಟ ನೀರು ಮೇಲೆ ಬರುವ ಜಾಗಕ್ಕೆ ಕೆಂಪು ಬಣ್ಣ. ಗಾಳಿ ಆಡುವ ನಟ್ಟನಡುವೆ ಕೆಂಪು ಹರಡಿತ್ತು. ಪಡುವಣ ಮೂಲೆ ಮಾತ್ರ ಅಚ್ಚ ನೀಲಿ.

"ಅಲ್ಲಿ ಗುಡ್ಡ ಅಡ್ಡ ಐತಿ ದೊಡ್ಡಮ್ಮ, ಗಾಳಿ ತಾಗಂಗಿಲ್ಲ. ಅಲ್ಲೇ ಕಟ್ರಿ."

ಹಾಗೆಯೇ ಕಟ್ಟಿದರು.

ಮೇ ತಿಂಗಳಲ್ಲಿ ಮೇಲಧಿಕಾರಿ ಗಾದಿಲಿಂಗಪ್ಪ, ಹಿನ್ನೀರನ್ನು ಹಂಚಿಕೊಂಡ ಲೆಕ್ಕದ ಚೌಕಗಳು ತೀರ ದೊಡ್ಡವಾಗಿವೆ, ಸಣ್ಣ ಮಾಡು ಎಂದರು. ಅರ್ಧ ಮೈಲಿಯ ಒಂದೊಂದು ಚೌಕವನ್ನೂ ಅವಳು ಹದಿನಾರು ಮಾಡಿದಳು. ಯಂತ್ರ ನಾಲ್ಕು ದಿನ ಓಡಿತು. ಗುರುವಾರ ಬೆಳಿಗ್ಗೆ ಹೊಸ ಚಿತ್ರ ಬಂತು. ನಡುವಿನ ಕೆಂಪು ಮಾಯವಾಗಿತ್ತು. ಅದು ನೀರಿನ ಬೆರಕೆಯೇ ಆಗಿರಲಿಲ್ಲ, ದೊಡ್ಡ ಚೌಕಗಳು ಹುಟ್ಟಿಸಿದ್ದ ಸುಳ್ಳು. ನಿಜವಾದ ಕೆಂಪು ಒಂದು ತೆಳ್ಳನೆಯ ಗೆರೆಯಾಗಿ ಪಡುವಣ ಮೂಲೆಯ ಇಳಿಜಾರಿಗೆ ಅಂಟಿಕೊಂಡಿತ್ತು. ಪಡುವಣ ಗಾಳಿ ಮೇಲಿನ ನೀರನ್ನು ಅಣೆಕಟ್ಟಿನತ್ತ ತಳ್ಳಿದರೆ, ಆ ಜಾಗ ತುಂಬಲು ಅಡಿಯ ನೀರು ಆ ಇಳಿಜಾರು ಹತ್ತಿ ಮೇಲೆ ಬರುತ್ತದೆ. ಮೂಲೆಗೆ ಗಾಳಿ ತಾಗಬೇಕೆಂದೇನೂ ಇಲ್ಲ.

ಹೊರಗೆ ಪಡುವಣ ಗಾಳಿ ಬೀಸತೊಡಗಿ ಎರಡು ದಿನವಾಗಿತ್ತು.

"ಭಾಳ ಚಲೋ ಕೆಲ್ಸ ಆತು ನೋಡವ್ವ," ಎಂದರು ಗಾದಿಲಿಂಗಪ್ಪ.

"ಸರ್, ಅಲ್ಲಿ ಮರಿಮೀನ ಅದಾವ್ರಿ. ಅಲ್ಲೇ ಕಟ್ರಿ ಅಂದಾಕಿ ನಾನ."

ಅವರ ನಗು ಇಳಿಯಿತು. "ಗಾಳಿ ನಿಲ್ಸಾಕ ಯಾರ ಕೈಲಾಗ್ತೈತಿ? ಹೋಗಿ ಹೇಳ್ಯಾರ ಬಾ."

ಎರಡು ಬಸ್ಸು ಬದಲಿಸಿ, ಉಳಿದ ದಾರಿ ನಡೆದು ಅವಳು ಹಿನ್ನೀರಿನ ದಡ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮೂಲೆಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಬಲೆಯೊಳಗೆ ಬೆರಳುದ್ದದ ಸಾವಿರಾರು ಮರಿಗಳು ನೀರಿನ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದವು.

"ಬಲಿ ಬಿಚ್ರಿ ದೊಡ್ಡಮ್ಮ! ಹೊರಗ ಓಡಸ್ರಿ!"

ಜಂಬವ್ವ ಕೇಳುತ್ತ ನಿಲ್ಲಲಿಲ್ಲ. ಬಲೆ ಬಿಚ್ಚಿಸಿದಳು. ಆರು ಹರಗೋಲುಗಳು ಒಟ್ಟಿಗೆ ನೀರು ಬಡಿಯುತ್ತ ಮರಿಗಳನ್ನು ಅಟ್ಟಿದವು. ಮರಿಗಳು ಒಂದು ಮಾರು ಹೋಗಿ ಮತ್ತೆ ಅಲ್ಲಿಗೇ ತಿರುಗಿದವು. ಬಲೆಯ ಹೊರಗೂ ಅದೇ ನೀರಿತ್ತು. ಹೊತ್ತು ಇಳಿಯುವಷ್ಟರಲ್ಲಿ ಹೊಟ್ಟೆ ಮೇಲಾದ ಮರಿಗಳಿಂದ ಮೂಲೆಯೆಲ್ಲ ಬೆಳ್ಳಗಾಯಿತು.

ಜಂಬವ್ವ ದಡದ ಕಲ್ಲಿನ ಮೇಲೆ ಕುಳಿತಳು. "ಇಲ್ಲಿ ಗಾಳೀನ ಇಲ್ಲಲ್ಲ ತಂಗಿ. ಎಲ್ಲಿಂದ ಬಂತು ಇದು?"

"ಅಡಿಯಿಂದ ಬಂತ್ರಿ. ನನ್ನ ಲೆಕ್ಕ ತಪ್ಪಿತ್ತು."

"ಮೊದ್ಲ ಗೊತ್ತಾಗಂಗ ಇರ್ಲಿಲ್ಲೇನು?"

"ಚೌಕ ಸಣ್ಣ ಮಾಡಿದ್ರ ಗೊತ್ತಾಗ್ತಿತ್ತು."

ಜಂಬವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಬಸಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. "ಇನ್ನೂ ಎಷ್ಟ್ ದಿನ ಹಿಂಗ?" ಎಂದು ಮಾತ್ರ ಕೇಳಿದಳು.

"ಗಾಳಿ ಇಳಿಯೋ ತನಕ."

ಹೆಂಗಸರು ಬುಟ್ಟಿ ತಂದು ಸತ್ತ ಮರಿಗಳನ್ನು ಬಾಚತೊಡಗಿದರು. ಚೆನ್ನಬಸಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಯಾರೂ ಬಾ ಎನ್ನಲಿಲ್ಲ, ಬ್ಯಾಡ ಎನ್ನಲೂ ಇಲ್ಲ. ಕಾಲಿಗೆ ತಾಗಿದ ನೀರು ಮೇ ತಿಂಗಳ ನೀರಿನಂತಿರಲಿಲ್ಲ, ಕೊರೆಯುತ್ತಿತ್ತು.